ಅನುಬಿಯಾಸ್ ಎಲೆ ಅಂಚಿನಲ್ಲಿ ಕಪ್ಪು ಗಡ್ಡದ ಪಾಚಿ: ಎಷ್ಟು ಕಿತ್ತರೂ ಮತ್ತೆ ಬರುತ್ತಿದೆ

ತುಮಕೂರು_ತೊಟ್ಟಿ
ಏಪ್ರಿಲ್ 6, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನನ್ನ ಮೂರಡಿ ಅಕ್ವೇರಿಯಂ ಟ್ಯಾಂಕಿನಲ್ಲಿ ಎರಡು ತಿಂಗಳಿಂದ ಕಪ್ಪು ಪಾಚಿ ಹಿಡಿದಿದೆ. ಮೊದಲು ಅನುಬಿಯಾಸ್ ಎಲೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟ ಹಾಗೆ ಕಂಡಿತು. ಮಣ್ಣು ಅಂದುಕೊಂಡು ಸುಮ್ಮನಿದ್ದೆ. ಹತ್ತು ದಿನಕ್ಕೆ ಅದೇ ಚುಕ್ಕೆಗಳಿಗೆ ಕೂದಲು ಬಂತು. ಈಗ ಒಂದೊಂದು ಹಳೆ ಎಲೆಯ ಸುತ್ತಲೂ ಕಪ್ಪು ಗಡ್ಡ. ಬೆರಳಲ್ಲಿ ಉಜ್ಜಿದರೆ ಕದಲುವುದಿಲ್ಲ. ಉಗುರಿನಿಂದ ಕೆರೆದರೆ ಎಲೆಯ ಅಂಚೇ ಕಿತ್ತು ಬರುತ್ತದೆ. ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿದೆ, ಒಂದು ವಾರ ಸರಿ ಇತ್ತು, ಮತ್ತೆ ಅದೇ ಜಾಗದಲ್ಲಿ ಬಂತು.

ಟ್ಯಾಂಕ್ ವಿವರ: 90 × 45 × 45 ಸೆಂ.ಮೀ., ಕಲ್ಲು ಮರಳು ಬಿಟ್ಟರೆ ಸುಮಾರು 150 ಲೀಟರ್ ನೀರು. ಕ್ಯಾನಿಸ್ಟರ್ ಫಿಲ್ಟರ್. ಎಲ್‌ಇಡಿ ಮಧ್ಯಾಹ್ನ 2ರಿಂದ ರಾತ್ರಿ 9. ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಗ್ಯಾಸ್ ಸಿಲಿಂಡರ್ ಇದೆ, ಮಧ್ಯಾಹ್ನ 12ಕ್ಕೆ ಶುರುವಾಗಿ ರಾತ್ರಿ 8ಕ್ಕೆ ನಿಲ್ಲುವ ಹಾಗೆ ಟೈಮರ್ ಇಟ್ಟಿದ್ದೇನೆ. ಗಿಡಗಳು: ಮರದ ತುಂಡಿಗೆ ಕಟ್ಟಿದ ಅನುಬಿಯಾಸ್ ನಾನಾ, ಜಾವಾ ಫರ್ನ್, ಕ್ರಿಪ್ಟ್, ಹಿಂದೆ ರೊಟಾಲಾ. ಮೀನು: 20 ಕಾರ್ಡಿನಲ್ ಟೆಟ್ರಾ, 6 ಕೋರಿ, ಒಂದಷ್ಟು ಚೆರ್ರಿ ಸಿಗಡಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸುತ್ತೇನೆ.

ಆ ಅನುಬಿಯಾಸ್ ನಾನು ಮೊಟ್ಟಮೊದಲು ಕೊಂಡ ಗಿಡ. ಐದು ವರ್ಷದ ಹಿಂದೆ ಮೂರೆಲೆ ಇತ್ತು, ಈಗ ಮರದ ತುಂಡು ಪೂರ್ತಿ ಹಬ್ಬಿದೆ. ಎಸೆದುಬಿಡು ಅಂತ ಮಾತ್ರ ಹೇಳಬೇಡಿ.

ಬಾವಿನೀರು_ಉಡುಪಿ
ಏಪ್ರಿಲ್ 6, ರಾತ್ರಿ 11:05

ನನ್ನದೂ ಪಾಚಿ ಕಥೆಯೇ, ಆದರೆ ಬೇರೆ ತರಹದ್ದು. ಎರಡಡಿ ಟ್ಯಾಂಕ್, ಶುರು ಮಾಡಿ ಐದು ವಾರ. ಹಸಿರು ನೂಲು ನೂಲಾಗಿ ಗಿಡದ ತುದಿಗೆಲ್ಲ ಸುತ್ತಿಕೊಂಡಿದೆ. ಹಳೆ ಟೂತ್‌ಬ್ರಷ್ ತಿರುಗಿಸಿದರೆ ಶ್ಯಾವಿಗೆ ಹಾಗೆ ಸುತ್ತಿ ಬರುತ್ತದೆ. ಗ್ಯಾಸ್ ಇಲ್ಲ. ಬಾವಿ ನೀರು. ಇಲ್ಲೇ ಕೇಳಬಹುದಾ, ಬೇರೆ ಚರ್ಚೆ ಶುರು ಮಾಡಬೇಕಾ?

ಹಸಿರೆಲೆ_ಮೈಸೂರು
ಏಪ್ರಿಲ್ 7, ಬೆಳಿಗ್ಗೆ 6:48

ಇಲ್ಲೇ ಕೇಳಿ. ಒಟ್ಟಿಗೆ ಓದಿದರೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಉಡುಪಿಯವರದು ಸುಲಭ. ಹೊಸ ಟ್ಯಾಂಕ್, ಗಿಡ ಇನ್ನೂ ಬೇರು ಬಿಟ್ಟಿಲ್ಲ, ಬೆಳಕು ಜಾಸ್ತಿ. ದೀಪವನ್ನು 6 ಗಂಟೆಗೆ ಇಳಿಸಿ. ಮೇಲೆ ಒಂದು ಹಿಡಿ ಅಂತರಗಂಗೆ ತೇಲಿ ಬಿಡಿ. ಅದಕ್ಕೆ ಗಾಳಿಯಿಂದಲೇ ಕಾರ್ಬನ್ ಡೈಆಕ್ಸೈಡ್ ಸಿಗುವುದರಿಂದ ಜೋರಾಗಿ ಬೆಳೆಯುತ್ತದೆ. ಹಾಗೆ ಬೆಳೆಯುತ್ತಾ ನೀರಿನಲ್ಲಿರುವ ಗೊಬ್ಬರದ ಅಂಶ ಎಳೆದುಕೊಳ್ಳುತ್ತದೆ, ಕೆಳಗೆ ನೆರಳೂ ಆಗುತ್ತದೆ. ನೂಲನ್ನು ಈಗ ಮಾಡುತ್ತಿರುವ ಹಾಗೆ ಬ್ರಷ್‌ಗೆ ಸುತ್ತಿ ತೆಗೆಯಿರಿ. ಹೆಚ್ಚಾದ ಅಂತರಗಂಗೆಯನ್ನು ದಯವಿಟ್ಟು ಕೆರೆಗೋ ತೋಡಿಗೋ ಬಿಡಬೇಡಿ, ನೀರಿನ ಮೇಲೆಲ್ಲ ಹರಡಿ ಮುಚ್ಚಿಬಿಡುತ್ತದೆ. ತೆಂಗಿನ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.

ತುಮಕೂರಿನವರದು ಕಪ್ಪು ಗಡ್ಡದ ಪಾಚಿ. ನೋಡಲು ಕಪ್ಪು, ಆದರೆ ಕೆಂಪು ಪಾಚಿಯ ಜಾತಿ. ಸಂಶಯ ಇದ್ದರೆ ಗಡ್ಡ ಇರುವ ಒಂದು ಎಲೆ ಕತ್ತರಿಸಿ, ಗಾಯ ಒರೆಸುವ ಸ್ಪಿರಿಟ್‌ನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಇಡಿ. ಹಸಿರು ಬಣ್ಣ ಸ್ಪಿರಿಟ್‌ಗೆ ಬಿಟ್ಟುಹೋಗಿ ಕೂದಲು ಕೆಂಪಗಾಗುತ್ತದೆ. ಇದು ಚಿಗುರೆಲೆಗೆ ಬರುವುದು ಕಡಿಮೆ. ಹಳೆಯ ಎಲೆ, ನಿಧಾನ ಬೆಳೆಯುವ ಗಿಡ, ಮರದ ತುಂಡು, ಫಿಲ್ಟರ್‌ನ ಬಾಯಿ, ಇಂಥ ಕಡೆ ಅಂಟಿಕೊಳ್ಳುತ್ತದೆ. ರೊಟಾಲಾ ವಾರಕ್ಕೆ ಎರಡಿಂಚು ಹೋಗುತ್ತದೆ, ಪಾಚಿ ಹಿಡಿಯುವಷ್ಟರಲ್ಲಿ ಆ ಎಲೆಯನ್ನೇ ನಾವು ಕತ್ತರಿಸಿರುತ್ತೇವೆ. ಅನುಬಿಯಾಸ್ ಎಲೆ ಒಂದು ವರ್ಷಕ್ಕೂ ಜಾಸ್ತಿ ಅಲ್ಲೇ ಇರುತ್ತದೆ, ಅಲ್ವಾ? ಹಾಗಾಗಿ ಮೊದಲ ಪೆಟ್ಟು ಅನುಬಿಯಾಸ್‌ಗೇ.

ಔಷಧಿ ಹುಡುಕುವ ಮೊದಲು ಮೂರು ವಿಷಯ ಹೇಳಿ. ನೀರು ಎಲ್ಲಿಯದು? ಗ್ಯಾಸ್ ಸರಿಯಾಗಿ ಬರುತ್ತಿದೆ ಅಂತ ಹೇಗೆ ನೋಡುತ್ತೀರಿ? ಎರಡು ತಿಂಗಳ ಹಿಂದೆ ಮನೆಯಲ್ಲಿ ಏನಾದರೂ ಬದಲಾಯಿತಾ?

ತುಮಕೂರು_ತೊಟ್ಟಿ
ಏಪ್ರಿಲ್ 7, ರಾತ್ರಿ 9:30

ಧನ್ಯವಾದ ಮೇಡಂ. ಸ್ಪಿರಿಟ್ ಪರೀಕ್ಷೆ ಮಾಡಿದೆ. ಕೂದಲು ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು. ಹಾಗಾದರೆ ಅದೇ.

ನೀರು: ನಲ್ಲಿಯಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು. ಅದು ಬರದ ದಿನ ಬೋರ್‌ವೆಲ್. ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಮೀಟರ್‌ನಲ್ಲಿ ನೋಡಿದರೆ ನಲ್ಲಿ ನೀರಿನ ಟಿಡಿಎಸ್ (ಕರಗಿದ ಲವಣಾಂಶ) 210, ಬೋರ್‌ವೆಲ್ 880. ಬೇಸಿಗೆ ಆದ್ದರಿಂದ ಈಗ ಬೋರ್‌ವೆಲ್ ಪಾಲೇ ಜಾಸ್ತಿ. ಗಡಸು ನೀರಿನಿಂದಲೇ ಪಾಚಿ ಅಂತ ಅಂಗಡಿಯವರೊಬ್ಬರು ಹೇಳಿದರು. ಆರ್‌ಒ ಹಾಕಿಸಬೇಕಾ?

ಗ್ಯಾಸ್: ಟ್ಯಾಂಕಿನೊಳಗೆ ಡ್ರಾಪ್ ಚೆಕರ್ ನೇತುಹಾಕಿದ್ದೇನೆ, ನೀರಿನಲ್ಲಿರುವ ಗ್ಯಾಸಿಗೆ ತಕ್ಕ ಹಾಗೆ ಬಣ್ಣ ಬದಲಾಗುವುದು. ಕೆಲಸದಿಂದ ಬರುವಾಗ ಏಳೂವರೆ. ಆಗ ಕೆಲವು ದಿನ ಹಸಿರು, ಕೆಲವು ದಿನ ನೀಲಿ. ಗುಳ್ಳೆ ಸೆಕೆಂಡಿಗೆ ಎರಡು.

ಬದಲಾವಣೆ ಏನೂ ನೆನಪಾಗುತ್ತಿಲ್ಲ. ಹಾಂ, ಬೆಳಿಗ್ಗೆ ಎದ್ದಾಗ ಟೆಟ್ರಾಗಳು ಕೆಲವು ಸಲ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿರುತ್ತವೆ. ಸೆಖೆಗೆ ಇರಬೇಕು ಅಂದುಕೊಂಡೆ.

ಮ್ಯೂನಿಕ್_ಕನ್ನಡಿಗ
ಏಪ್ರಿಲ್ 8, ಬೆಳಗಿನ ಜಾವ 2:15

ಗಡಸು ನೀರನ್ನು ಈ ವಿಷಯದಲ್ಲಿ ದೂರಬೇಡಿ. ಇಲ್ಲಿ ಮ್ಯೂನಿಕ್‌ನಲ್ಲಿ ನಲ್ಲಿ ನೀರಿನ ಗಡಸುತನ ಜರ್ಮನ್ ಅಳತೆಯಲ್ಲಿ ಸುಮಾರು 16 ಡಿಗ್ರಿ. ಕೆಟಲ್‌ನಲ್ಲಿ ಬಿಳಿ ಪದರ ಕಟ್ಟುವ ನೀರು. ಅದೇ ನೀರಿನಲ್ಲಿ ನನ್ನ ಅನುಬಿಯಾಸ್ ಎಲೆಗಳು ತೊಳೆದ ವೀಳ್ಯದೆಲೆ ಹಾಗಿವೆ. ಆರ್‌ಒ ದುಡ್ಡು ಉಳಿಸಿ.

ಗಡ್ಡ ತೆಗೆಯಲು ನಾನು ಬಳಸಿದ್ದು ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯುವುದು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಫಿಲ್ಟರ್ ನಿಲ್ಲಿಸಿ, ಸಿರಿಂಜ್‌ನಲ್ಲಿ ನಿಧಾನವಾಗಿ ಪಾಚಿಯ ಮೇಲೇ ಬಿಡಬೇಕು. ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. 10–15 ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಒಂದು ಸಲಕ್ಕೆ 10 ಲೀಟರ್ ನೀರಿಗೆ 4 ಮಿ.ಲೀ. ಮೀರಬೇಡಿ. ನಿಮ್ಮ 150 ಲೀಟರಿಗೆ 60 ಮಿ.ಲೀ. ಆಯಿತು. ಮೂರು ದಿನಕ್ಕೆ ಗಡ್ಡ ಗುಲಾಬಿ ಬಣ್ಣಕ್ಕೆ ಬರುತ್ತದೆ, ಆಮೇಲೆ ಬೆಳ್ಳಗಾಗಿ ಉದುರುತ್ತದೆ.

ಮೆಡಿಕಲ್ಸ್_ಹುಬ್ಬಳ್ಳಿ
ಏಪ್ರಿಲ್ 8, ಬೆಳಿಗ್ಗೆ 7:20

ತುಮಕೂರಿನ ಅಣ್ಣಾ, 60 ಮಿ.ಲೀ. ಹಾಕಬೇಡಿ. ಹಾಕಿಲ್ಲ ತಾನೆ? ಮೊದಲು ಬಾಟಲಿ ಮೇಲೆ ಏನು ಬರೆದಿದೆ ಓದಿ.

ನಾನು ಮೆಡಿಕಲ್ ಶಾಪ್‌ನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊರದೇಶದಲ್ಲಿ ಗಾಯಕ್ಕೆ ಹಾಕುವ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ. 3ರದ್ದು. ವಿಡಿಯೋಗಳಲ್ಲಿ ಹೇಳುವ ಲೆಕ್ಕ ಅದಕ್ಕೆ. ನಮ್ಮಲ್ಲಿ ಕೌಂಟರ್‌ನಲ್ಲಿ ಕೊಡುವ ಬಾಟಲಿ ಹೆಚ್ಚಾಗಿ ಶೇ. 6ರದ್ದು. ಮೇಲೆ ‘20 ವಾಲ್ಯೂಮ್’ ಅಂತ ಬರೆದಿರುತ್ತದೆ. ಅಂದರೆ ಅದೇ ಅಳತೆ ಹಾಕಿದರೆ ಡಬಲ್ ಬಿತ್ತು. ಮೊದಲು ಪೆರಾಕ್ಸೈಡ್ ಎಷ್ಟೋ ಅಷ್ಟೇ ನೀರು ಸೇರಿಸಿ ಶೇ. 3ಕ್ಕೆ ತನ್ನಿ. ನಿಮ್ಮ ಟ್ಯಾಂಕಿಗೆ ಗರಿಷ್ಠ ಅಂದರೆ ಬಾಟಲಿಯಿಂದ 30 ಮಿ.ಲೀ., ಮೊದಲ ಸಲ ಅದರಲ್ಲೂ ಅರ್ಧ. ಸಿಗಡಿ ಇವೆ ಅಂದಿರಿ, ಅವು ಮೀನಿಗಿಂತ ಬೇಗ ಸೋಲುತ್ತವೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಎರಡು ವರ್ಷದ ಹಿಂದೆ ನಾನೇ ವಿಡಿಯೋ ನೋಡಿ ಅಳತೆ ಹಾಕಿದೆ. ದಿನಾ ಕೈಯಲ್ಲಿ ಹಿಡಿಯುವ ಬಾಟಲಿ, ಆದರೂ ಆ ಹೊತ್ತಿಗೆ ನೆನಪಾಗಲಿಲ್ಲ. ಸಂಜೆ ಹೊತ್ತಿಗೆ ಹನ್ನೊಂದು ಸಿಗಡಿ ಅಡ್ಡ ಬಿದ್ದಿದ್ದವು. ಅದರಲ್ಲಿ ಎರಡು ಮೊಟ್ಟೆ ಹೊತ್ತಿದ್ದವು. ಇವತ್ತಿಗೂ ಬೇಜಾರು.

ಕೈಗೆ ಗ್ಲೌಸ್ ಹಾಕಿ. ಚರ್ಮಕ್ಕೆ ತಾಗಿದರೆ ಬೆಳ್ಳಗಾಗಿ ಉರಿಯುತ್ತದೆ. ತೆರೆದು ತುಂಬಾ ದಿನ ಆದ ಬಾಟಲಿ ನಂಬಬೇಡಿ, ಶಕ್ತಿ ಇಳಿದಿರುತ್ತದೆ.

ಮ್ಯೂನಿಕ್_ಕನ್ನಡಿಗ
ಏಪ್ರಿಲ್ 8, ಮಧ್ಯಾಹ್ನ 12:40

ಹುಬ್ಬಳ್ಳಿಯವರೇ, ತುಂಬಾ ಉಪಕಾರವಾಯಿತು. ನನ್ನ ಲೆಕ್ಕ ಶೇ. 3ಕ್ಕೇ. ಶೇಕಡಾ ಎಷ್ಟು ಅಂತ ಬರೆಯದೇ ಬಿಟ್ಟದ್ದು ನನ್ನ ತಪ್ಪು. ಕ್ಷಮಿಸಿ.

ತುಮಕೂರು_ತೊಟ್ಟಿ
ಏಪ್ರಿಲ್ 8, ರಾತ್ರಿ 8:55

ಬಾಟಲಿ ಬೆಳಿಗ್ಗೆಯೇ ತಂದಿಟ್ಟಿದ್ದೆ. ಈಗ ಮೂಗಿನ ಹತ್ತಿರ ಹಿಡಿದು ಓದಿದೆ. ಸಣ್ಣ ಅಕ್ಷರದಲ್ಲಿ ‘20 ವಾಲ್ಯೂಮ್’ ಅಂತಲೇ ಇದೆ. ನೀವು ಬರೆಯದೇ ಇದ್ದಿದ್ದರೆ ಇವತ್ತು ರಾತ್ರಿ 60 ಮಿ.ಲೀ. ಹೋಗಿರುತ್ತಿತ್ತು. ಸದ್ಯಕ್ಕೆ ಬಾಟಲಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಟೆಟ್ರಾ_ಪ್ರೇಮಿ_ಬೆಂಗಳೂರು
ಏಪ್ರಿಲ್ 9, ಸಂಜೆ 6:10

ಔಷಧಿ ಯಾಕೆ, ತಿನ್ನುವ ಮೀನು ಬಿಡಿ. ಸಯಾಮೀಸ್ ಆಲ್ಗೀ ಈಟರ್ ಈ ಗಡ್ಡ ತಿನ್ನುತ್ತದೆ. ಆದರೆ ಅಂಗಡಿಗಳಲ್ಲಿ ಅದೇ ಹೆಸರಿಟ್ಟು ಬೇರೆ ಮೀನು ಕೊಟ್ಟುಬಿಡುತ್ತಾರೆ, ಹುಷಾರು. ನಾನು ಶಿವಾಜಿನಗರದ ಕಡೆ ನಾಲ್ಕು ಅಂಗಡಿ ಸುತ್ತಿದ ಮೇಲೆ ಸರಿಯಾದದ್ದು ಸಿಕ್ಕಿತು.

ಹೇಗೆ ಗುರುತಿಸುವುದು ಅಂದರೆ, ಮೈಯ ಪಕ್ಕದ ಕಪ್ಪು ಪಟ್ಟೆ ನೋಡಿ. ನಿಜವಾದದ್ದರಲ್ಲಿ ಆ ಪಟ್ಟೆ ಬಾಲದ ರೆಕ್ಕೆಯ ತುದಿವರೆಗೂ ಹೋಗುತ್ತದೆ. ಪಟ್ಟೆಯ ಮೇಲೆ ಚಿನ್ನದ ಬಣ್ಣದ ಗೆರೆ ಎದ್ದು ಕಾಣುತ್ತಿದ್ದು, ರೆಕ್ಕೆಗಳಲ್ಲಿ ಕಪ್ಪು ಬಿಳಿ ಬಣ್ಣ ಇದ್ದರೆ ಅದು ಫ್ಲೈಯಿಂಗ್ ಫಾಕ್ಸ್. ಅದು ಈ ಪಾಚಿಗೆ ಅಷ್ಟು ಬಾಯಿ ಹಾಕುವುದಿಲ್ಲ, ಜಗಳವೂ ಜಾಸ್ತಿ. ಗಾಜಿಗೆ ಬಾಯಿ ಅಂಟಿಸಿ ಕೂತಿದ್ದರೆ ಅದು ಚೈನೀಸ್ ಆಲ್ಗೀ ಈಟರ್. ದೊಡ್ಡದಾದ ಮೇಲೆ ಬೇರೆ ಮೀನಿನ ಮೈಗೇ ಅಂಟಿಕೊಳ್ಳುತ್ತದೆ, ತರಲೇಬೇಡಿ.

ಇನ್ನೊಂದು. ಇದು ಐದಾರು ಇಂಚು ಬೆಳೆಯುತ್ತದೆ. ಹಾರುತ್ತದೆ, ಟ್ಯಾಂಕಿಗೆ ಮುಚ್ಚಳ ಬೇಕು. ಹೊಟ್ಟೆ ತುಂಬಾ ಒಣ ಆಹಾರ ಸಿಕ್ಕರೆ ಪಾಚಿ ಕಡೆ ತಿರುಗಿಯೂ ನೋಡುವುದಿಲ್ಲ.

ಅಡಿಕೆತೋಟ_ಶಿರಸಿ
ಏಪ್ರಿಲ್ 10, ಮಧ್ಯಾಹ್ನ 3:30

ನನಗೆ ಗ್ಯಾಸ್, ಔಷಧಿ ಯಾವುದೂ ಗೊತ್ತಿಲ್ಲ. ಕಣ್ಣಲ್ಲಿ ಕಂಡದ್ದು ಒಂದು ಹೇಳುತ್ತೇನೆ.

ನಮ್ಮ ತೋಟದ ಕೆಳಗೆ ಹಳ್ಳ ಇದೆ. ಅದರ ಅಂಚಿನಲ್ಲಿ ಲಗೆನಾಂಡ್ರ ಬೆಳೆಯುತ್ತದೆ, ನಿಮ್ಮ ಅನುಬಿಯಾಸ್‌ನ ಕುಟುಂಬದ್ದೇ. ಬೇರು ನೀರಲ್ಲಿ, ಮೇಲೆ ದಟ್ಟ ನೆರಳು. ದಿನದಲ್ಲಿ ಅರ್ಧ ಗಂಟೆ ಬಿಸಿಲು ಬಿದ್ದರೆ ಹೆಚ್ಚು. ಆ ಎಲೆಗಳ ಮೇಲೆ ಪಾಚಿ ನೋಡಿದ ನೆನಪಿಲ್ಲ. ಅದೇ ಹಳ್ಳ ಇನ್ನೂರು ಮಾರು ಕೆಳಗೆ ಹೋಗಿ ಬಯಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಬೇಸಿಗೆಯಲ್ಲಿ ಕಲ್ಲು ಕೋಲು ಎಲ್ಲದಕ್ಕೂ ಪಾಚಿ.

ಅನುಬಿಯಾಸ್ ಪಶ್ಚಿಮ ಆಫ್ರಿಕಾದ ಕಾಡಿನ ಹಳ್ಳಗಳ ಗಿಡ ಅಂತ ಓದಿದ್ದೇನೆ. ನೀವು ಅದನ್ನು ದೀಪದ ನೇರ ಕೆಳಗೆ ಇಟ್ಟಿದ್ದರೆ ಸ್ವಲ್ಪ ಪಕ್ಕಕ್ಕೆ ಸರಿಸಿ, ರೊಟಾಲಾದ ನೆರಳಿಗೆ.

ಯಾರೂ ಹಳ್ಳದಿಂದ ಲಗೆನಾಂಡ್ರ ಕಿತ್ತು ತರಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ನರ್ಸರಿಯಲ್ಲಿ ಬೆಳೆಸಿದ್ದು ಸಿಗುತ್ತದೆ.

ಹಸಿರೆಲೆ_ಮೈಸೂರು
ಏಪ್ರಿಲ್ 11, ಬೆಳಿಗ್ಗೆ 6:30

ಶಿರಸಿಯವರು ಹೇಳಿದ್ದು ಬಹಳ ಒಳ್ಳೆಯ ಮಾತು. ಅನುಬಿಯಾಸ್ ಸರಿಸಿ.

ಆದರೆ ನನ್ನ ತಲೆಯಲ್ಲಿ ಕೂತಿರುವುದು ತುಮಕೂರಿನವರು ಕೊನೆಯಲ್ಲಿ ಬರೆದ ಒಂದು ಸಾಲು. ಬೆಳಿಗ್ಗೆ ಟೆಟ್ರಾಗಳು ಬಾಯಿ ಬಿಡುತ್ತವೆ ಅಂದಿರಿ. ನೀರಿನಲ್ಲಿ ಗ್ಯಾಸ್ ಜಾಸ್ತಿ ಆದರೂ ಮೀನು ಹಾಗೆ ಮಾಡುತ್ತವೆ. ಗ್ಯಾಸ್ ರಾತ್ರಿ 8ಕ್ಕೆ ನಿಂತರೆ ಬೆಳಿಗ್ಗೆ ಹೊತ್ತಿಗೆ ನೀರಿನಲ್ಲಿ ಅದು ತುಂಬಾ ಇಳಿದಿರಬೇಕು. ಮತ್ತೆ ಸಂಜೆ ಏಳೂವರೆಗೆ, ಗ್ಯಾಸ್ ಏಳು ಗಂಟೆಗೂ ಜಾಸ್ತಿ ಹೊತ್ತು ಓಡಿದ ಮೇಲೂ, ಕೆಲವು ದಿನ ಡ್ರಾಪ್ ಚೆಕರ್ ನೀಲಿ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ.

ಗೊತ್ತಿಲ್ಲದವರಿಗೆ: ಡ್ರಾಪ್ ಚೆಕರ್‌ನಲ್ಲಿ ನೀಲಿ ಅಂದರೆ ಗ್ಯಾಸ್ ಕಡಿಮೆ, ಹಸಿರು ಅಂದರೆ ಲೀಟರಿಗೆ ಸುಮಾರು 30 ಮಿ.ಗ್ರಾಂ., ಹಳದಿ ಅಂದರೆ ಮೀನಿಗೆ ಅಪಾಯ. ಅದು ತೋರಿಸುವುದು ಒಂದೆರಡು ಗಂಟೆ ಹಿಂದಿನ ಸ್ಥಿತಿ.

ಈ ಪಾಚಿಯಲ್ಲಿ ನಾನು ಹದಿನೈದು ವರ್ಷದಿಂದ ನೋಡಿದ್ದು ಇಷ್ಟೇ. ಗ್ಯಾಸ್ ಇಲ್ಲದ ಟ್ಯಾಂಕಿನಲ್ಲಿ ಸಣ್ಣ ಬೆಳಕು ಹಾಕಿದರೆ ಅದು ಜಾಸ್ತಿ ಕಾಟ ಕೊಡುವುದಿಲ್ಲ. ಗ್ಯಾಸ್ ಒಂದೇ ಸಮ ಬರುವ ಟ್ಯಾಂಕಿನಲ್ಲೂ ಇಲ್ಲ. ಒಂದು ದಿನ ಬಂದು ಒಂದು ದಿನ ಬರದ ಕಡೆ ಹಬ್ಬುತ್ತದೆ. ಸಕ್ಕರೆ ಈಸ್ಟ್ ಬಾಟಲಿಯಿಂದ ಗ್ಯಾಸ್ ಮಾಡುವವರಿಗೆ ಇದು ಅಷ್ಟೊಂದು ಬರುವುದು ಅದಕ್ಕೇ. ಮೊದಲ ವಾರ ಜೋರು, ಮೂರನೇ ವಾರಕ್ಕೆ ಸಪ್ಪೆ.

ಐದು ದಿನ ಒಂದು ಕೆಲಸ ಮಾಡಿ. ದೀಪ ಹತ್ತುವಾಗ, ಸಂಜೆ 6ಕ್ಕೆ, ರಾತ್ರಿ 9ಕ್ಕೆ, ಬೆಳಿಗ್ಗೆ ಎದ್ದ ಕೂಡಲೇ ಡ್ರಾಪ್ ಚೆಕರ್ ಬಣ್ಣ ಬರೆದಿಡಿ. ಅಲ್ಲಿಯವರೆಗೆ ಪೆರಾಕ್ಸೈಡ್ ಬೇಡ, ಮೀನೂ ಬೇಡ. ಬರುವ ಕಾರಣ ಹಾಗೇ ಇದ್ದರೆ ಇವತ್ತು ಕೊಂದದ್ದು ಮುಂದಿನ ತಿಂಗಳು ಮತ್ತೆ ಬರುತ್ತದೆ.

ತುಮಕೂರು_ತೊಟ್ಟಿ
ಏಪ್ರಿಲ್ 17, ಬೆಳಿಗ್ಗೆ 7:02

ಅಕ್ಕ, ಸಿಕ್ಕಿತು ಅನಿಸುತ್ತದೆ. ಕೈ ಇನ್ನೂ ಒದ್ದೆ ಇದೆ, ಹಾಗೇ ಬರೆಯುತ್ತಿದ್ದೇನೆ.

ಹಗಲು ನಾನು ಮನೆಯಲ್ಲಿ ಇರುವುದಿಲ್ಲ. ಅಮ್ಮನಿಗೆ ಹೇಳಿದ್ದೆ. ಅವರು ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಟ್ಟಿದ್ದಾರೆ. ನಾನು ಕೇಳದೇ ಇದ್ದರೂ ಕರೆಂಟ್ ಹೋದದ್ದು ಬಂದದ್ದನ್ನೂ ಬರೆದಿದ್ದಾರೆ. ಅದನ್ನೇ ಇಲ್ಲಿ ಇಳಿಸುತ್ತೇನೆ.

13: ಮಧ್ಯಾಹ್ನ 2 ನೀಲಿ. 6 ನೀಲಿ. 9 ಹಸಿರು.
14: ಕರೆಂಟ್ ಇಲ್ಲ, 11:20ರಿಂದ 1:00. ಮಧ್ಯಾಹ್ನ 2 ನೀಲಿ. 6 ನೀಲಿ. 9 ನೀಲಿ ಹಸಿರು.
15: ಬೆಳಿಗ್ಗೆ ಹಸಿರು. ಕರೆಂಟ್ ಇಲ್ಲ, 12ರಿಂದ 1. ಮಧ್ಯಾಹ್ನ 2 ನೀಲಿ. 6 ನೀಲಿ. 9 ನೀಲಿ.
16: ಬೆಳಿಗ್ಗೆ ಹಸಿರು. ಕರೆಂಟ್ ಇಲ್ಲ, 11ರಿಂದ 12:30. ಮಧ್ಯಾಹ್ನ 2 ನೀಲಿ. 6 ನೀಲಿ. 9 ನೀಲಿ.
17: ಇವತ್ತು ಬೆಳಿಗ್ಗೆ 6. ಹಳದಿ ಹಸಿರು. ಟೆಟ್ರಾಗಳೆಲ್ಲ ಮೇಲೆ.

ದೀಪ ಇರುವಾಗ ಗ್ಯಾಸ್ ಇಲ್ಲ. ದೀಪ ಆರಿದ ಮೇಲೆ ರಾತ್ರಿಯೆಲ್ಲ ಗ್ಯಾಸ್. ಆರೂವರೆಗೆ ಕ್ಯಾಬಿನೆಟ್ ತೆಗೆದು ಟಾರ್ಚ್ ಹಾಕಿ ನೋಡಿದೆ. ಗ್ಯಾಸಿನದು ಗುಂಡನೆಯ ಟೈಮರ್, ಸುತ್ತ ಪಿನ್ ಒತ್ತುವುದು. ಅದರ ಬಾಣ ರಾತ್ರಿ 8:20ರ ಮೇಲೆ ನಿಂತಿದೆ. ಅಂದರೆ ಹತ್ತು ಗಂಟೆ ಹಿಂದೆ.

ವೈರಿಂಗ್_ಹಾಸನ
ಏಪ್ರಿಲ್ 17, ಬೆಳಿಗ್ಗೆ 9:45

ನಾನು ವೈರಿಂಗ್ ಕೆಲಸ ಮಾಡುವವನು, ಮನೆಯಲ್ಲಿ ಗಪ್ಪಿ ಸಾಕಿದ್ದೇನೆ. ಅಮ್ಮನ ಕ್ಯಾಲೆಂಡರ್ ನೋಡಿದ ಕೂಡಲೇ ಅರ್ಥವಾಯಿತು.

ಆ ಗುಂಡು ಟೈಮರ್‌ನೊಳಗೆ ಸಣ್ಣ ಮೋಟರ್ ಇರುತ್ತದೆ. ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತದೆ, ಬಂದ ಮೇಲೆ ನಿಂತ ಕಡೆಯಿಂದ ಹೊರಡುತ್ತದೆ. ದಿನಕ್ಕೆ ಒಂದೂವರೆ ಗಂಟೆ ಕರೆಂಟ್ ಹೋದರೆ ವಾರಕ್ಕೆ ಹತ್ತೂವರೆ ಗಂಟೆ ಹಿಂದೆ ಬೀಳುತ್ತದೆ.

ಇನ್ನೊಂದು ಕೇಳುತ್ತೇನೆ. ನಿಮ್ಮ ದೀಪ ಯುಪಿಎಸ್ ಲೈನಿನಲ್ಲಿ ಇದೆ, ಗ್ಯಾಸ್ ಪ್ಲಗ್ ಇಲ್ಲ, ಹೌದಾ? ಮನೆಗಳಲ್ಲಿ ನಾವು ಲೈಟು, ಫ್ಯಾನು, ಟಿವಿ ಪಾಯಿಂಟ್ ಯುಪಿಎಸ್‌ಗೆ ಕೊಡುತ್ತೇವೆ. ಕೆಳಗಿನ 15 ಆಂಪಿಯರ್ ಪ್ಲಗ್ ನೇರ ಕರೆಂಟಿಗೆ. ಹಾಗಿದ್ದರೆ ಕರೆಂಟ್ ಹೋದಾಗ ದೀಪ ಉರಿಯುತ್ತಲೇ ಇರುತ್ತದೆ, ಗ್ಯಾಸ್ ವಾಲ್ವ್ ಮುಚ್ಚಿಕೊಳ್ಳುತ್ತದೆ.

ತುಮಕೂರು_ತೊಟ್ಟಿ
ಏಪ್ರಿಲ್ 17, ರಾತ್ರಿ 9:20

ನೀವು ಮನೆಗೆ ಬಂದು ನೋಡಿದ ಹಾಗೆ ಹೇಳಿದ್ದೀರಿ. ದೀಪ, ಫಿಲ್ಟರ್ ಎರಡೂ ಟಿವಿ ಪಾಯಿಂಟಿನಲ್ಲಿ. ಗ್ಯಾಸ್ ಮಾತ್ರ ಕೆಳಗಿನ ದೊಡ್ಡ ಪ್ಲಗ್‌ಗೆ ಕನ್ವರ್ಟರ್ ಹಾಕಿ ಕೊಟ್ಟಿದ್ದೆ, ವೈರ್ ಕಾಣಬಾರದು ಅಂತ. ದೀಪದ ಟೈಮರ್ ಡಿಜಿಟಲ್, ಅದು ಯಾವತ್ತೂ ತಪ್ಪಿಲ್ಲ. ಹಾಗಾಗಿ ಗ್ಯಾಸಿನ ಮೇಲೆ ಸಂಶಯವೇ ಬರಲಿಲ್ಲ. ಸಿಲಿಂಡರ್ ತುಂಬಿಸಿ ತಂದಾಗ ಟೈಮ್ ಹೊಸದಾಗಿ ಇಡುತ್ತಿದ್ದೆ, ಮಧ್ಯದಲ್ಲಿ ನೋಡಿದ್ದೇ ಇಲ್ಲ. ಫೆಬ್ರವರಿಯಿಂದ ನಮ್ಮ ಬಡಾವಣೆಯಲ್ಲಿ ಹಗಲು ಕರೆಂಟ್ ತೆಗೆಯಲು ಶುರು ಮಾಡಿದರು. ಚುಕ್ಕೆ ಕಂಡದ್ದೂ ಆಗಲೇ. ಮನೆಯಲ್ಲಿ ಏನು ಬದಲಾಯಿತು ಅಂತ ಅಕ್ಕ ಮೊದಲ ದಿನವೇ ಕೇಳಿದ್ದರು. ಕರೆಂಟ್ ಹೋಗುವುದನ್ನು ಬದಲಾವಣೆ ಅಂತ ಲೆಕ್ಕ ಹಾಕಲು ನನಗೆ ಹೊಳೆಯಲಿಲ್ಲ.

ಇವತ್ತು ಡಿಜಿಟಲ್ ಟೈಮರ್ ತಂದು ಗ್ಯಾಸ್ ಪ್ಲಗ್ಗನ್ನೂ ಟಿವಿ ಪಾಯಿಂಟಿಗೆ ಬದಲಾಯಿಸಿದೆ. ಅಮ್ಮನಿಗೆ ಇದು ನಿಮ್ಮ ಕ್ಯಾಲೆಂಡರಿನಿಂದ ಸಿಕ್ಕಿದ್ದು ಅಂತ ಹೇಳಿದೆ. ನಾಳೆಯೂ ಬರೆಯಬೇಕಾ ಅಂತ ಕೇಳಿದರು. ಬರೆಯಿರಿ ಅಂದೆ.

ಹಸಿರೆಲೆ_ಮೈಸೂರು
ಏಪ್ರಿಲ್ 18, ಬೆಳಿಗ್ಗೆ 6:50

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕರೆಂಟಿನ ಸಮಯ ಬರೆಯದಿದ್ದರೆ ನಾವೆಲ್ಲ ಇನ್ನೂ ಔಷಧಿ ಲೆಕ್ಕದಲ್ಲೇ ಇರುತ್ತಿದ್ದೆವು.

ಈಗ ಗಡ್ಡದ ಕೆಲಸ. ಒಂದು ವಾರ ಸುಮ್ಮನಿದ್ದು ದೀಪ ಹತ್ತುವ ಹೊತ್ತಿಗೆ ದಿನಾ ಹಸಿರು ಬರುತ್ತದಾ ನೋಡಿ. ಗ್ಯಾಸ್ ಈಗ ಪೂರ್ತಿ ಹಗಲಿಗೆ ಸಿಗುತ್ತದೆ, ಮೀನು ಮೇಲೆ ಬಂದರೆ ಗುಳ್ಳೆ ಕಡಿಮೆ ಮಾಡಿ. ದೀಪವನ್ನು 6 ಗಂಟೆಗೆ ಇಳಿಸಿ. ಪಾಚಿ ತುಂಬಾ ಹಿಡಿದ ಎಲೆಗಳನ್ನು ತೊಟ್ಟಿನ ಬುಡದಲ್ಲಿ ಕತ್ತರಿಸಿ, ಅವು ಇನ್ನು ಗಿಡಕ್ಕೆ ಭಾರವೇ. ಆದರೆ ಒಂದೇ ದಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ.

ಉಳಿದ ಎಲೆಗಳಿಗೆ ಪೆರಾಕ್ಸೈಡ್. ನಿಮ್ಮ ಗಿಡ ಮರದ ತುಂಡಿಗೆ ಕಟ್ಟಿದ್ದು, ಹಾಗೇ ಎತ್ತಿ ಹೊರಗೆ ತರಬಹುದು. ಅದು ದೊಡ್ಡ ಅನುಕೂಲ, ಟ್ಯಾಂಕಿಗೆ ಒಂದು ತೊಟ್ಟೂ ಬೀಳುವುದಿಲ್ಲ. ಬಕೆಟ್ ಮೇಲೆ ಇಟ್ಟು, ಹುಬ್ಬಳ್ಳಿಯವರು ಹೇಳಿದ ಹಾಗೆ ಶೇ. 3ಕ್ಕೆ ತಂದು, ಸಣ್ಣ ಪೇಂಟ್ ಬ್ರಷ್‌ನಿಂದ ಅಂಚಿಗೆ ಮಾತ್ರ ಹಚ್ಚಿ. ಬೇರಿಗೆ ಬೇಡ. ಮೂರು ನಿಮಿಷ. ಆಮೇಲೆ ಟ್ಯಾಂಕಿನ ನೀರಲ್ಲೇ ಎರಡು ಸಲ ತೊಳೆದು ವಾಪಸ್ ಇಡಿ. ಅನುಬಿಯಾಸ್, ಜಾವಾ ಫರ್ನ್ ಇದನ್ನು ತಡೆದುಕೊಳ್ಳುತ್ತವೆ. ಮಾಸ್ (ಹಾವಸೆ) ಜಾತಿಯ ಗಿಡಕ್ಕೆ ಹಚ್ಚಬೇಡಿ, ಅದು ತಡೆಯುವುದಿಲ್ಲ.

ವಾರಕ್ಕೆ ಅರ್ಧ ನೀರು ಬದಲಾಯಿಸಿ. ಮರಳಿನ ಮೇಲಿನ ಕಸ, ಕೊಳೆತ ಎಲೆ ಪೈಪಿನಿಂದ ಎಳೆಯಿರಿ. ಫಿಲ್ಟರ್‌ನ ಸ್ಪಂಜನ್ನು ಟ್ಯಾಂಕಿನಿಂದ ಹೊರತೆಗೆದ ನೀರಿನಲ್ಲೇ ಹಿಂಡಿ.

ಟೆಟ್ರಾ_ಪ್ರೇಮಿ_ಬೆಂಗಳೂರು
ಏಪ್ರಿಲ್ 18, ರಾತ್ರಿ 8:15

ಅಕ್ವೇರಿಯಂ ಗಿಡಕ್ಕೆ ಲಿಕ್ವಿಡ್ ಕಾರ್ಬನ್ ಅಂತ ಮಾರುತ್ತಾರಲ್ಲ, ಅದು ಹೇಗೆ? ಆಸ್ಪತ್ರೆಯಲ್ಲಿ ಉಪಕರಣ ತೊಳೆಯುವ ದ್ರಾವಣವೂ ಅದೇ, ಅಗ್ಗಕ್ಕೆ ಸಿಗುತ್ತದೆ ಅಂತ ಒಬ್ಬರು ಹೇಳಿದರು.

ಮೆಡಿಕಲ್ಸ್_ಹುಬ್ಬಳ್ಳಿ
ಏಪ್ರಿಲ್ 18, ರಾತ್ರಿ 10:40

ಎರಡರಲ್ಲೂ ಇರುವುದು ಗ್ಲುಟರಾಲ್ಡಿಹೈಡ್ ಜಾತಿಯದ್ದೇ, ಪಾಚಿ ಸಾಯುವುದೂ ನಿಜ. ಅಕ್ವೇರಿಯಂಗೆ ಅಂತ ಮಾಡಿದ್ದನ್ನು ಲೇಬಲ್ ಮೇಲಿನ ಅಳತೆ ಮೀರದೆ ಬಳಸಿ. ವ್ಯಾಲಿಸ್ನೇರಿಯಾ ಗಿಡ ಇದ್ದರೆ ಕರಗಿ ಹೋಗುವುದುಂಟು, ಗಮನ ಇರಲಿ. ಆಸ್ಪತ್ರೆಯದ್ದು ಮಾತ್ರ ಮನೆಗೆ ತರಬೇಡಿ. ಅದರ ಆವಿ ಕಣ್ಣು, ಮೂಗು, ಶ್ವಾಸಕೋಶಕ್ಕೆ ಕೆಟ್ಟದ್ದು. ಜೊತೆಗೆ ಕೊಡುವ ಪುಡಿಯಲ್ಲಿ ಬೇರೆ ಏನೇನೋ ಸೇರಿರುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಇನ್ನೂರು ರೂಪಾಯಿ ಉಳಿಸಲು ಅದು ಬೇಡ.

ತುಮಕೂರು_ತೊಟ್ಟಿ
ಮೇ 3, ಸಂಜೆ 5:30

ವರದಿ. ಹತ್ತು ದಿನ ಸತತವಾಗಿ ಮಧ್ಯಾಹ್ನ 2ಕ್ಕೆ ಹಸಿರು, 6ಕ್ಕೆ ಹಸಿರು. ಬೆಳಿಗ್ಗೆ ನೀಲಿ. ಟೆಟ್ರಾಗಳು ಬೆಳಿಗ್ಗೆ ಮೇಲೆ ಬರುವುದು ನಿಂತಿದೆ.

ಹೋದ ಭಾನುವಾರ ಮರದ ತುಂಡು ಎತ್ತಿದೆ. ಹದಿನಾಲ್ಕು ಎಲೆ ಕತ್ತರಿಸಿದೆ, ಮನಸ್ಸು ಗಟ್ಟಿ ಮಾಡಿಕೊಂಡು. ಉಳಿದ ಎಲೆಗಳಿಗೆ ಮಗಳ ಡ್ರಾಯಿಂಗ್ ಬ್ರಷ್‌ನಿಂದ ಹಚ್ಚಿದೆ. ಹಚ್ಚಿದ ಕಡೆಯೆಲ್ಲ ಸಣ್ಣಗೆ ಚುರುಚುರು ಶಬ್ದ, ಬಿಳಿ ನೊರೆ. ಮರುದಿನ ಏನೂ ವ್ಯತ್ಯಾಸ ಇಲ್ಲ. ಮೂರನೇ ದಿನ ಸಂಜೆ ನೋಡಿದರೆ ಎಲೆಯಂಚೆಲ್ಲ ತೆಳು ಗುಲಾಬಿ, ಯಾರೋ ಕುಂಕುಮ ನೀರು ಸವರಿದ ಹಾಗೆ. ಈಗ ಬೆಳ್ಳಗಾಗಿದೆ. ಸಿಗಡಿಗಳು ಒಂದರ ಪಕ್ಕ ಒಂದು ಕೂತು ಅದನ್ನು ಕಿತ್ತು ತಿನ್ನುತ್ತಿವೆ. ಕಪ್ಪಗಿದ್ದಾಗ ಮುಟ್ಟದೇ ಇದ್ದವು.

ಗಿಡವನ್ನು ರೊಟಾಲಾದ ಪಕ್ಕಕ್ಕೆ ಸರಿಸಿದ್ದೇನೆ. ಸಯಾಮೀಸ್ ಮೀನು ಸದ್ಯಕ್ಕೆ ತಂದಿಲ್ಲ.

ಬಾವಿನೀರು_ಉಡುಪಿ
ಮೇ 3, ರಾತ್ರಿ 9:10

ಓದಿ ಖುಷಿ ಆಯಿತು. ನನ್ನ ನೂಲು ಪಾಚಿ ಮುಕ್ಕಾಲು ಹೋಗಿದೆ. ಅಂತರಗಂಗೆ ಮೂರು ವಾರಕ್ಕೆ ಮೇಲೆಲ್ಲ ತುಂಬಿತು, ವಾರಕ್ಕೊಮ್ಮೆ ಅರ್ಧ ತೆಗೆದು ತೆಂಗಿನ ಬುಡಕ್ಕೆ ಹಾಕುತ್ತಿದ್ದೇನೆ. ಆದರೆ ಈಗ ಮರಳಿನ ಮೇಲೆ ನೀಲಿ ಹಸಿರು ಪೊರೆ ಬಂದಿದೆ. ಬೆರಳಿಂದ ಎತ್ತಿದರೆ ಹಾಳೆ ಹಾಗೆ ಏಳುತ್ತದೆ, ಕೆಸರಿನ ವಾಸನೆ.

ಹಸಿರೆಲೆ_ಮೈಸೂರು
ಮೇ 4, ಬೆಳಿಗ್ಗೆ 6:40

ಅದು ನಿಜವಾದ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಪೈಪಿನಿಂದ ಎಷ್ಟು ಬರುತ್ತದೋ ಅಷ್ಟು ಎಳೆಯಿರಿ. ಅರ್ಧ ನೀರು ಬದಲಾಯಿಸಿ. ಟ್ಯಾಂಕಿಗೆ ದಪ್ಪ ಬೆಡ್‌ಶೀಟ್ ಹೊದಿಸಿ ಮೂರು ದಿನ ಪೂರ್ತಿ ಕತ್ತಲು ಮಾಡಿ. ಮುಚ್ಚಿದ ದಿನಗಳಲ್ಲಿ ಗಾಳಿ ಪಂಪ್ ಓಡುತ್ತಿರಲಿ. ತೆರೆದ ದಿನ ಮತ್ತೆ ಅರ್ಧ ನೀರು. ಪೊರೆ ಬಂದ ಜಾಗಕ್ಕೆ ಫಿಲ್ಟರ್ ನೀರಿನ ಹರಿವು ತಲುಪುತ್ತಿಲ್ಲದೆ ಇರಬಹುದು, ಅದರ ಬಾಯಿ ಆ ಕಡೆ ತಿರುಗಿಸಿ.

ತುಮಕೂರು_ತೊಟ್ಟಿ
ಜೂನ್ 21, ರಾತ್ರಿ 8:30

ಏಳು ವಾರದ ನಂತರ ಬರೆಯುತ್ತಿದ್ದೇನೆ. ಅನುಬಿಯಾಸ್ ಬೇರೆ ಬೇರೆ ತುದಿಗಳಿಂದ ಒಟ್ಟು ಒಂಬತ್ತು ಹೊಸ ಎಲೆ ಬಿಟ್ಟಿದೆ. ಒಂಬತ್ತರಲ್ಲೂ ಒಂದು ಚುಕ್ಕೆ ಇಲ್ಲ. ಕೊನೆಯದು ಇವತ್ತು ಬೆಳಿಗ್ಗೆ ಸುರುಳಿ ಬಿಚ್ಚಿದೆ, ಇನ್ನೂ ತೆಳು ಹಸಿರು, ಬೆಳಕಿಗೆ ಹಿಡಿದರೆ ನರಗಳೆಲ್ಲ ಕಾಣುತ್ತವೆ. ಹಳೆ ಎಲೆಗಳ ಮೇಲೆ ಅಲ್ಲಲ್ಲಿ ಕಪ್ಪು ಉಳಿದಿದೆ, ಆದರೆ ಹಬ್ಬುತ್ತಿಲ್ಲ. ಅವುಗಳನ್ನು ಹೊಸ ಎಲೆ ಬಂದ ಹಾಗೆ ಒಂದೊಂದಾಗಿ ತೆಗೆಯುತ್ತೇನೆ.

ಈ ನಡುವೆ ಮಳೆಗಾಳಿಗೆ ಒಂದು ದಿನ ಐದು ಗಂಟೆ ಕರೆಂಟ್ ಇರಲಿಲ್ಲ. ಗ್ಯಾಸ್ ಟೈಮರ್ ಒಂದು ನಿಮಿಷವೂ ಆಚೀಚೆ ಆಗಲಿಲ್ಲ. ಅಮ್ಮ ಕ್ಯಾಲೆಂಡರ್‌ನಲ್ಲಿ ಬರೆದಿದ್ದಾರೆ.

ಕೆರೆದಂಡೆ_ದಾವಣಗೆರೆ
ಜೂನ್ 22, ಬೆಳಿಗ್ಗೆ 8:05

ಎರಡು ತಿಂಗಳಿಂದ ಈ ಚರ್ಚೆ ಸುಮ್ನೆ ಓದುತ್ತಿದ್ದೆ. ನನ್ನ ಜಾವಾ ಫರ್ನ್‌ಗೂ ಇದೇ ಗಡ್ಡ. ಇವತ್ತು ಬೆಳಿಗ್ಗೆ ಎದ್ದವನೇ ಕ್ಯಾಬಿನೆಟ್ ತೆಗೆದು ನೋಡಿದೆ. ನನ್ನದೂ ಗುಂಡು ಟೈಮರ್. ಗೋಡೆ ಗಡಿಯಾರಕ್ಕಿಂತ 3 ಗಂಟೆ 40 ನಿಮಿಷ ಹಿಂದೆ ಇದೆ. ಹಾಸನದ ಅಣ್ಣಾ, ಟ್ಯಾಂಕ್ ಪಕ್ಕದ ಪ್ಲಗ್ ಯುಪಿಎಸ್ ಲೈನಿನದ್ದಾ ಅಂತ ನೋಡಲು ಮೈನ್ ಸ್ವಿಚ್ ಆಫ್ ಮಾಡಿ ಮೊಬೈಲ್ ಚಾರ್ಜರ್ ಹಾಕಿದರೆ ಸಾಕಾ?

ವೈರಿಂಗ್_ಹಾಸನ
ಜೂನ್ 22, ಬೆಳಿಗ್ಗೆ 8:30

ಸಾಕು. ಚಾರ್ಜ್ ಆದರೆ ಯುಪಿಎಸ್ ಲೈನ್. ಒದ್ದೆ ಕೈಯಲ್ಲಿ ಮುಟ್ಟಬೇಡಿ.